ಮಣ್ಣಿಗೆ ಹೋದ ಕೌದಿಯ ನಕ್ಷೆ

ಉಮಾದೇವಿಯವರ ಪಡಸಾಲೆಯಲ್ಲಿ ಕೂತ ಹುಡುಗಿ ತನ್ನ ಮೊಬೈಲನ್ನು ಮೇಜಿನ ಮೇಲಿಟ್ಟು, ಅದನ್ನು ಮುಟ್ಟಲೂ ಹೆದರಿದವಳಂತೆ ಕೈ ಹಿಂದಕ್ಕೆ ಎಳೆದುಕೊಂಡಳು.

"ನಮ್ಮವ್ವ ಸತ್ತು ನಾಕು ತಿಂಗಳಾತ್ರಿ," ಎಂದಳು. "ಮೊನ್ನೆ ಆಕಿ ಅಂಗಡ್ಯಾಗ ಹೊಸಾ ನಕ್ಷಿ ಬಂದದ. ಆ ನಕ್ಷ್ಯಾಗಿರೋ ಕೌದಿ... ಅದನ್ನ ನಾನೇ ನನ್ನ ಕೈಯಾರೆ ಅವ್ವನ ಜೋಡಿ ಮಣ್ಣಾಗ ಇಟ್ಟು ಬಂದೀನ್ರಿ."

ಚಹಾ ತರುತ್ತಿದ್ದ ಅಕ್ಬರಿ ಬೇಗಂ ಹೊಸ್ತಿಲಲ್ಲೇ ನಿಂತುಬಿಟ್ಟರು. ಮೂವತ್ತೊಂದು ವರ್ಷ ನರ್ಸ್ ಆಗಿ ದುಡಿದವರು. ಹುಟ್ಟು ಸಾವು ಎರಡನ್ನೂ ಹಗಲಿರುಳು ಕಂಡವರು. ಆದರೂ "ಯಾ ಅಲ್ಲಾ," ಎಂದು ತಮಗೇ ಕೇಳಿಸುವಷ್ಟು ಮೆಲ್ಲಗೆ ಅಂದುಕೊಂಡು ಬಂದು ಹುಡುಗಿಯ ಪಕ್ಕದಲ್ಲಿ ಕೂತರು.

ಉಮಾದೇವಿ ಮಾತ್ರ ಮುಖದ ಗೆರೆ ಅಲುಗಿಸಲಿಲ್ಲ. ಸರ್ವೇ ಇಲಾಖೆಯಲ್ಲಿ ಮೂವತ್ತು ವರ್ಷ ಹೊಲಗಳ ಗಡಿ ಅಳೆದ ಹೆಂಗಸು ಆಕೆ. ನಿವೃತ್ತಿಯಾಗಿ ರಾಯಚೂರಿನ ಗದ್ವಾಲ್ ರಸ್ತೆಯ ಮನೆಯಲ್ಲಿ ಕೂತ ಮೇಲೂ ಜನ ಬರುವುದು ನಿಂತಿರಲಿಲ್ಲ. ಕಳೆದುಹೋದ ಪತ್ರ, ಕಾಣೆಯಾದ ಮನುಷ್ಯ, ಯಾರೂ ಬಗೆಹರಿಸದ ಅನುಮಾನ, ಹೀಗೆ ಏನಾದರೊಂದು ಹೊತ್ತು ಬರುತ್ತಿದ್ದರು. ಪಕ್ಕದ ಮನೆಯ ಅಕ್ಬರಿ ಬೇಗಂ ಅವರ ಜೊತೆಗಾತಿ. ಉಮಕ್ಕ ಎಲ್ಲಿಗೆ ಹೊರಟರೆ ಅಲ್ಲಿಗೆ ಇವರೂ ಬುರ್ಖಾ ಸರಿಮಾಡಿಕೊಂಡು ಹೊರಡುವವರೇ.

"ಹೆಸರೇನವ್ವಾ?"

"ಸೌಭಾಗ್ಯ ಅಂತ್ರೀ. ದೇವದುರ್ಗ ನಮ್ಮೂರು. ಬಿ.ಎಡ್. ಓದಾಕತ್ತೀನಿ."

"ಮೊದಲಿಂದ ಹೇಳು. ಅಂಗಡಿ ಅಂದ್ರ ಎಂಥ ಅಂಗಡಿ?"

ಸೌಭಾಗ್ಯ ಉಸಿರೆಳೆದುಕೊಂಡು ಹೇಳಿದಳು. ತಾಯಿ ಪಕೀರಮ್ಮ ಹಳೆಯ ಬಟ್ಟೆಯ ತುಂಡು ಜೋಡಿಸಿ ಕೌದಿ ಹೊಲಿಯುವುದರಲ್ಲಿ ಸುತ್ತ ಹತ್ತೂರಿಗೆ ಹೆಸರಾದವಳು. ಮೂರು ವರ್ಷದ ಹಿಂದೆ ತಾಯಿಯ ತಮ್ಮ ಅಂಬರೇಶ ಒಂದು ದಾರಿ ಕಂಡುಹಿಡಿದ. ಕೌದಿ ಮಾರುವುದಲ್ಲ, ಕೌದಿಯ ನಕ್ಷೆ ಮಾರುವುದು. ಯಾವ ತುಂಡು ಎಲ್ಲಿ, ಎಷ್ಟು ಅಳತೆ, ಯಾವುದರ ನಂತರ ಯಾವುದು, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆದು ಆನ್‌ಲೈನ್ ಮಾರುಕಟ್ಟೆಗೆ ಏರಿಸಿದರೆ, ಎಲ್ಲೆಲ್ಲಿಯವರೋ ಅದನ್ನು ಇಳಿಸಿಕೊಂಡು ತಮ್ಮ ಮನೆಯಲ್ಲೇ ಹೊಲಿದುಕೊಳ್ಳುತ್ತಿದ್ದರು. ಪಕೀರಮ್ಮನಿಗೆ ಓದು ಬರಹ ಇಲ್ಲ. ಆಕೆ ಹೇಳಿದಂತೆ ಮಾನ್ವಿಯ ಶಾಕಿರ್ ನಕ್ಷೆ ತೆಗೆಯುತ್ತಿದ್ದ. ಅದೇ ಊರಿನ ಶಿಕ್ಷಕಿ ಅನ್ನಪೂರ್ಣ ಇಂಗ್ಲಿಷಿನಲ್ಲಿ ವಿವರಣೆ ಬರೆಯುತ್ತಿದ್ದರು. ಅಂಗಡಿ ನಡೆಸುವವನು ಅಂಬರೇಶ. ಪಾಸ್‌ವರ್ಡ್ ಇದ್ದದ್ದು ಈ ಮೂವರ ಬಳಿ ಮಾತ್ರ.

"ಅವ್ವ ಹೆಂಗ ಹೋದ್ಲು?"

"ಮಾಳಿಗಿ ಮ್ಯಾಲಿಂದ ಬಿದ್ದು. ಅಕ್ಟೋಬರ್ ಹತ್ತೊಂಬತ್ತು. ನಾ ಕಾಲೇಜಿನಿಂದ ಮಧ್ಯಾಹ್ನ ಒಂದಕ್ಕ ಬಂದೆ. ಹಿತ್ತಲದಾಗ ಗ್ವಾಡಿ ಬುಡಕ್ಕ ಬಿದ್ದಿದ್ಲು. ಮೈ ತಣ್ಣಗಾಗಿತ್ತು. ಎಲ್ಲಾರೂ ಬಂದ್ರು, ಕಾಲು ಜಾರ್‍ಯದ ಅಂದ್ರು. ಆವಾಗ್ಲೇ ಮಾಳಿಗಿ ಮ್ಯಾಲೆ ಏನದ ಅಂತ ನೋಡಾಕ ಏಣಿ ಎಬ್ಬಿಸಿ ಹಚ್ಚಿ ಹತ್ತಿದೆ. ಅಲ್ಲಿ ಆ ಕೌದಿ ಬಿಸಲಿಗೆ ಹಾಸಿತ್ತು. ಅದನ್ನ ನಾ ಅಲ್ಲೀತನಕ ನೋಡೇ ಇರಲಿಲ್ಲ. ನನಗ ಗೊತ್ತಾಗದಂಗ ಹೊಲಿದಿದ್ಲು. ನಾನೇ ಮಡಚಿ ತಂದೆ. ಬಣ್ಣದ ಮೈ ಒಳಗ ಮಾಡಿ ಅವ್ವಗ ಹೊದಿಸಿದೆ. ಮೂರು ಗಂಟೇಕ ಮಣ್ಣು ಮಾಡಿದ್ವಿ. ಅದರ ಚಿತ್ರಾ ಯಾರೂ ತೆಗೆದಿಲ್ರಿ. ತೆಗ್ಯಾಕ ಹೊತ್ತೇ ಇರಲಿಲ್ಲ."

ಉಮಾದೇವಿ ಕೈಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟರು.

"ಏಣಿ ಎಬ್ಬಿಸಿ ಹಚ್ಚಿದಿ ಅಂದ್ಯಲ್ಲ, ಅದು ಎಲ್ಲಿತ್ತು?"

"ಗ್ವಾಡಿಗುಂಟ ನೆಟ್ಟಗ ಮಲಗಿತ್ರಿ."

ಉಮಾದೇವಿ ಮೊಬೈಲ್ ತೆಗೆದುಕೊಂಡು ನೋಡಿದರು. ಅಕ್ಬರಿ ಬೇಗಂ ಕೂಡ ಬಗ್ಗಿದರು. ನಾಲ್ಕು ಮೂಲೆಗೆ ನಾಲ್ಕು ಗಿಳಿ, ಸುತ್ತಲೂ ತೊಟ್ಟಿಲಿನ ಸಾಲು, ನಟ್ಟನಡುವೆ ಎಂಟು ಎಸಳಿನ ಹೂವು. ಹೂವಿನ ಬಟ್ಟೆ ನೇರಳೆ ಬಣ್ಣದ್ದು, ಮೇಲೆ ಬಂಗಾರದ ಚುಕ್ಕಿ. ಬಿಸಿಲಿನಲ್ಲಿ ತೆಗೆದ ಚಿತ್ರ ಅದು. ಕೌದಿಯ ಅಂಚಿನವರೆಗೆ ಕತ್ತರಿಸಿದ್ದರಿಂದ ಹಿಂದೆ ಏನಿದೆ ಎಂಬುದು ಕಾಣುತ್ತಿರಲಿಲ್ಲ. ಕೆಳಗೆ ನಕ್ಷೆ. ಪ್ರತಿ ತುಂಡಿಗೂ ಒಂದೊಂದು ಅಂಕಿ.

"ಕೊಂಡವರೊಬ್ಬರು ಏನೋ ಬರೆದಾರ," ಎಂದರು ಉಮಾದೇವಿ.

ಸೌಭಾಗ್ಯ ಓದಿ ಹೇಳಿದಳು. "ಇವರ ಹಿಂದಿನ ನಕ್ಷೆಗಳೆಲ್ಲ ಬಹಳ ಚೆನ್ನಾಗಿದ್ದವು, ಇದು ಮಾತ್ರ ಹೇಳಿದ ಹಾಗೆ ಹೊಲಿದರೆ ಕೂಡುವುದಿಲ್ಲ ಅಂತ ಬರೆದಾರ್ರಿ."

"ಕೂಡೂದಿಲ್ಲ," ಎಂದು ಉಮಾದೇವಿ ಆ ಒಂದೇ ಮಾತನ್ನು ಎರಡು ಸಲ ಹೇಳಿದರು.

---

ಮೊದಲು ಕಂಡದ್ದು ಅಂಬರೇಶನನ್ನು. ಟೈಲ್ಸ್ ಹಾಕುವುದು ಅವನ ಕಸುಬು. ರಾಯಚೂರಿನ ಹೊರಗಿನ ಹೊಸ ಬಡಾವಣೆಯೊಂದರಲ್ಲಿ ಕೆಲಸ ನಡೆದಿತ್ತು. ಇವರು ಹೋದಾಗ ಏಣಿಯ ಮೇಲೆ ನಿಂತು ಗೋಡೆಯ ಮೇಲ್ಭಾಗಕ್ಕೆ ಟೈಲ್ಸ್ ಕೂರಿಸುತ್ತಿದ್ದ. ಸೌಭಾಗ್ಯಳ ಹೆಸರು ಕೇಳಿದ್ದೇ ತಡ, ಇಳಿದು, ಏಣಿಯನ್ನು ಗೋಡೆಯ ಬುಡದಲ್ಲಿ ಉದ್ದಕ್ಕೆ ಮಲಗಿಸಿ, ಕೈ ಒರೆಸಿಕೊಳ್ಳುತ್ತ ಬಂದ. ಮೂವತ್ತರ ಆಸುಪಾಸಿನ, ನಗುಮುಖದ ಮನುಷ್ಯ.

"ಬರ್ರಿ ಯವ್ವಾ, ಒಳಗ ಬರ್ರಿ. ನೆಲಾ ಹಸಿ ಅದ, ಈ ಕಡಿಂದ ಬರ್ರಿ."

ನಡುಮನೆಯ ನೆಲಕ್ಕೆ ನೀಲಿ ದಾರ ಹಿಡಿದು ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ ಎಳೆದಿದ್ದ. ಗೆರೆ ಕೂಡಿದ ಜಾಗದಿಂದ ಟೈಲ್ಸು ನಾಲ್ಕೂ ದಿಕ್ಕಿಗೆ ಹರಡಿಕೊಂಡು ಹೊರಟಿದ್ದವು. ಗೋಡೆಯಂಚಿನಲ್ಲಿ ಇನ್ನೂ ಬರಿ ಸಿಮೆಂಟು. ಕಿಟಕಿಯಲ್ಲಿಟ್ಟ ಅವನ ಫೋನಿನಲ್ಲಿ ಆ ನೆಲದ ನಕ್ಷೆ ತೆರೆದಿತ್ತು. ಅಕ್ಬರಿ ಬೇಗಂ ಆ ಅಚ್ಚುಕಟ್ಟು ಕಂಡು ಮೆಚ್ಚಿದರು.

ನಕ್ಷೆಯ ವಿಷಯ ತೆಗೆದಾಗ ಅವನ ಕಣ್ಣಲ್ಲಿ ನೀರಾಡಿತು. "ನಾನೂ ನೋಡಿ ಗಾಬರಿ ಆದೆ ಯವ್ವಾ. ನಾ ಹಾಕಿಲ್ಲ. ಅಕ್ಕ ಹೋದಮ್ಯಾಲೆ ಆ ಅಂಗಡಿ ತೆರದೂ ನೋಡಿಲ್ಲ. ನಕ್ಷಿ ತೆಗ್ಯಾಂವ ಶಾಕಿರ್, ಅವನ್ನ ಕೇಳ್ರಿ. ನನ್ನ ಅಕ್ಕ ಅಲ್ಲ ಆಕಿ, ನನ್ನ ಸಾಕಿದ ತಾಯಿ."

"ಆಕಿ ಹೋದ ದಿನ ನೀ ಎಲ್ಲಿದ್ದಿ?"

"ಚಂದ್ರಬಂಡದಾಗ, ಹನುಮಂತ್ರಾಯ ಗೌಡ್ರ ಮನಿ ಕೆಲಸದಾಗ. ಫೋನ್ ಬಂದಾಗ ಕರ್ಣಿ ಅಲ್ಲೇ ಒಗದು ಓಡಿಬಂದೆ."

ಹೊರಗೆ ಬಂದ ಮೇಲೆ ಅಕ್ಬರಿ ಬೇಗಂ, "ಪಾಪ, ದಿಲ್ ಸಾಫ್ ಇರೋ ಹುಡುಗ," ಎಂದರು. ಉಮಾದೇವಿ ಆಟೋದವನಿಗೆ ಕೈ ಮಾಡಿದರು, ಅಷ್ಟೇ.

ಮರುದಿನ ಮಾನ್ವಿಗೆ. ಬಸ್‌ಸ್ಟ್ಯಾಂಡಿನ ಹಿಂದೆ ಶಾಕಿರ್‌ನದು ಒಂದೇ ಕೋಣೆಯ ಅಂಗಡಿ. ಪಹಣಿ ತೆಗೆಸುವವರು, ಅರ್ಜಿ ತುಂಬಿಸುವವರು ಬಾಗಿಲತನಕ ನಿಂತಿದ್ದರು. ಅವನು ಗಿರಾಕಿಗಳನ್ನು ಕೂರಿಸಿ ಇವರನ್ನು ಒಳಗೆ ಕರೆದ. ಸಿಟ್ಟಿನಲ್ಲಿದ್ದ.

"ಎಲ್ಲಾರೂ ನನ್ನ ಮ್ಯಾಲೇ ಹಾಕ್ತಾರಂತ ಗೊತ್ತಿತ್ತು ಖಾಲಾ," ಎಂದ ಅಕ್ಬರಿ ಬೇಗಂ ಅವರಿಗೆ. "ನಾ ತೆಗೆದ ನಕ್ಷಿ ಇವು, ನೋಡ್ರಿ. ಹನ್ನೊಂದು ಅದಾವ. ಪಕೀರಮ್ಮ ಇಲ್ಲೇ ಈ ಸ್ಟೂಲಿನ ಮ್ಯಾಲೆ ಕೂತು ಬಟ್ಟು ಇಟ್ಟು ಹೇಳಾಕಿ. ಒಂದನೇ ತುಂಡು ಮೂಲ್ಯಾಗ. ಅಲ್ಲಿಂದ ಸುತ್ತ ಸುತ್ತ ಸುತ್ತ ಒಳಗ ಬಂದು ನಡುವ ಮುಗೀಬೇಕು. ಬ್ಯಾರೆ ಥರಾ ಬರೆದ್ರ ನನ್ನ ಕಿವಿ ಹಿಂಡ್ತಿದ್ಲು."

"ಆಕಿ ಮ್ಯಾಲೆ ನಿನಗ ಸಿಟ್ಟೇನರ ಇತ್ತೇನು?"

ಶಾಕಿರ್ ಮುಖ ಕೆಳಗೆ ಹಾಕಿದ. "ಇತ್ತು. ಮಗಳು ಕಂಪ್ಯೂಟರ್ ಕಲ್ತಾಳ, ಇನ್ನ ಮನ್ಯಾಗೇ ತಗೀತೀವಿ ಅಂದಿದ್ಲು. ಕಡೀಗಿ ಎರಡು ತಿಂಗಳು ಮಾತು ಬಿಟ್ಟಿದ್ದೆ. ಮಣ್ಣಿಗೂ ಹೋಗಲಿಲ್ಲ. ಅದೊಂದು ನನ್ನ ತಪ್ಪು."

ಅನ್ನಪೂರ್ಣ ಟೀಚರನ್ನು ಶಾಲೆಯ ಬೇವಿನ ಮರದ ಕೆಳಗೆ ಕಂಡರು. ಹೊಸ ನಕ್ಷೆಯ ಇಂಗ್ಲಿಷ್ ಓದಿ ಆಕೆ ಹುಬ್ಬು ಗಂಟಿಕ್ಕಿದರು.

"ಇದು ನಂದೇ ಬರಹ. ಆದರ ನಾ ಇದಕ್ಕ ಬರೆದದ್ದಲ್ಲ. ಹಳೇದರದು ಎತ್ತಿ ಇಲ್ಲಿ ಅಂಟಿಸ್ಯಾರ. ನೋಡ್ರಿ, ಮೂಲೆಯಿಂದ ಶುರುಮಾಡಿ ಅಂತ ಅದ. ಮ್ಯಾಲಿನ ನಕ್ಷ್ಯಾಗ ಒಂದು ಅಂತ ಹಾಕಿದ್ದು ನಡುವಿನ ತುಂಡಿಗೆ. ಕೊಂಡಾಕಿ ಹೆಂಗ ಹೊಲೀಬೇಕು?"

ಉಮಾದೇವಿಯವರ ಮುಖದಲ್ಲಿ ಮೊದಲ ಸಲ ಏನೋ ಹೊಳೆದದ್ದನ್ನು ಅಕ್ಬರಿ ಬೇಗಂ ಕಂಡರು. ಏನೆಂದು ಮಾತ್ರ ತಿಳಿಯಲಿಲ್ಲ.

ಅನ್ನಪೂರ್ಣ ಹೊರಟವರು ತಿರುಗಿ ನಿಂತರು. "ಇನ್ನೊಂದು ಹೇಳಬೇಕು. ನನ್ನ ಎದ್ಯಾಗ ಮುಳ್ಳಿನಂಗ ಕೂತದ. ಆಕಿ ಸಾಯೋ ಹಿಂದಿನ ಸಂಜಿ ಫೋನ್ ಮಾಡಿ, 'ಟೀಚರ್, ಅಂಗಡ್ಯಾಗ ನನ್ನ ಬಗ್ಗೆ ಏನು ಬರೆದದ, ಓದಿ ಹೇಳ್ರಿ' ಅಂದ್ಲು. ನಾ ಓದಿದೆ. ಆಕಿ ಹೆಸರೇ ಇರಲಿಲ್ಲ. ರಚನೆ ಅಂತ ಅಂಬರೇಶನ ಹೆಸರಿತ್ತು. ಕಾಗದಪತ್ರ ಅವನ ಹೆಸರಿನ್ಯಾಗ ಇರೋದಕ್ಕ ಹಂಗಿರಬೇಕು ಅಂತ ಸಮಾಧಾನ ಹೇಳಿದೆ. ಸುಮ್ಮನ ಫೋನ್ ಇಟ್ಟುಬಿಟ್ಲು."

ಅಲ್ಲಿಂದ ದೇವದುರ್ಗಕ್ಕೆ ಬಂದಾಗ ಮಧ್ಯಾಹ್ನ. ಪಕೀರಮ್ಮನ ಮನೆಗೆ ಅಂಟಿಕೊಂಡೇ ವಾಹಿದಾಳ ಮನೆ. ರವಿಕೆ ಹೊಲಿಯುವ ಹೆಣ್ಣುಮಗಳು. ಚಿತ್ರ ತೋರಿಸಿದ ಕೂಡಲೇ ಅವಳ ಕಾಲು ಹೊಲಿಗೆ ಯಂತ್ರದ ಮೆಟ್ಟಿಲ ಮೇಲೆ ನಿಂತುಹೋಯಿತು.

"ಈ ಕೌದಿ ಗೊತ್ತಿದ್ದದ್ದು ನನಗೊಬ್ಬಾಕಿಗೇ. ಮಗಳು ನೌಕರಿ ಹಿಡದು ಯಾವೂರಿಗೆ ಹೋಗ್ತಾಳೋ ಅಲ್ಲಿಗೆ ಕಳಿಸಬೇಕು, ಇದನ್ನ ಮಾತ್ರ ಮಾರಂಗಿಲ್ಲ ಅಂತಿದ್ಲು. ಮಗಳು ಕಾಲೇಜಿಗೆ ಹೋದಾಗ ನಮ್ಮನ್ಯಾಗ ಕೂತು ಹೊಲಿತಿದ್ಲು." ಆಮೇಲೆ ಬೆರಳನ್ನು ನಡುವಿನ ಹೂವಿನ ಮೇಲಿಟ್ಟಳು. "ಈ ನೇರಳಿ ಬಟ್ಟಿ ನಾ ಕೊಟ್ಟದ್ದು. ಅವತ್ತು ಮುಂಜಾನಿ ಒಬ್ಬಾಕಿ ರವಿಕಿ ಬಟ್ಟಿ ತಂದು ಕೊಟ್ಲು. ಕತ್ತರಿಸಿದಾಗ ಇಷ್ಟು ತುಂಡು ಉಳೀತು. ಪಕೀರಕ್ಕ ನೋಡಿ, ಇದೇ ಬೇಕು ನನಗ ಅಂದ್ಲು. ಇಲ್ಲೇ ಕೂತು ಹೂವು ಮಾಡಿ ಹಚ್ಚಿ, ಹತ್ತೂವರಿಗೆ ಎದ್ದು ಹೋದ್ಲು. ಬಿಸಲಿಗೆ ಹಾಕಿ ಬರ್ತೀನಂತ."

"ಆಮ್ಯಾಲೆ?"

"ಆಮ್ಯಾಲೇನು... ಸೌಭಾಗ್ಯ ಒದರಿದ್ದೇ ಕೇಳ್ತು. ಹತ್ತಿ ಬಿಡಿಸೋ ದಿನ, ಓಣ್ಯಾಗ ಒಂದು ನರಪಿಳ್ಳೆ ಇರಲಿಲ್ಲ. ನನ್ನ ಮಶಿನ್ ಸಪ್ಪಳದಾಗ ಏನೂ ಕೇಳಲಿಲ್ಲ."

ಅಕ್ಬರಿ ಬೇಗಂ ಬೆರಳು ಮಡಚಿ ಲೆಕ್ಕ ಹಾಕಿದರು. ಹತ್ತೂವರೆಗೆ ಕೌದಿ ಮುಗಿಯಿತು. ಒಂದಕ್ಕೆ ಮಗಳು ಮಡಚಿ ತಂದಳು. ಹಾಗಾದರೆ ಈ ಚಿತ್ರ ತೆಗೆದ ಕೈ... ಅವರು ಉಮಾದೇವಿಯವರ ತೋಳು ಹಿಡಿದರು.

"ಉಮಕ್ಕಾ! ಆಕಿ ಬೀಳೋ ಹೊತ್ತಿಗೆ ಯಾರೋ ಅಲ್ಲಿದ್ರು!"

"ಹೂಂ," ಎಂದರು ಉಮಾದೇವಿ. "ಈ ಮಾತು ನಾವು ಮೂರು ಮಂದಿ ಬಿಟ್ಟು ಇನ್ನೊಬ್ಬರಿಗೆ ಗೊತ್ತಾಗಬಾರದು, ವಾಹಿದಾ."

---

ಭಾನುವಾರ ಹನ್ನೊಂದಕ್ಕೆ ಪಕೀರಮ್ಮನ ಹಿತ್ತಲಲ್ಲಿ ಎಲ್ಲರೂ ಸೇರಿದರು. ಅಂಬರೇಶ ರಾಯಚೂರಿನಿಂದ ಬೈಕಿನಲ್ಲಿ ಬಂದ, ಸೌಭಾಗ್ಯಳಿಗೆಂದು ಮಿರ್ಚಿ ಭಜಿ ಕಟ್ಟಿಸಿಕೊಂಡು. ಶಾಕಿರ್ ಮತ್ತು ಅನ್ನಪೂರ್ಣ ಮಾನ್ವಿಯ ಬಸ್ಸಿನಲ್ಲಿ ಬಂದರು. ವಾಹಿದಾ ಬಾಗಿಲ ಬಳಿ ನಿಂತಿದ್ದಳು. ಉಮಾದೇವಿಯವರಿಗೆ ಪರಿಚಯವಿದ್ದ ಪೊಲೀಸ್ ಅಧಿಕಾರಿಯೊಬ್ಬರು ಸಾದಾ ಉಡುಪಿನಲ್ಲಿ ಬಂದು ಕಟ್ಟೆಯ ಮೇಲೆ ಕೂತರು.

ಉಮಾದೇವಿ ಚೀಲದಿಂದ ಮೂರು ಹಾಳೆ ತೆಗೆದರು. ಮೂರರಲ್ಲೂ ಒಂದೇ ಥರದ ಖಾಲಿ ಚೌಕಗಳು, ಉದ್ದಕ್ಕೆ ಏಳು, ಅಡ್ಡಕ್ಕೆ ಏಳು.

"ಇದೊಂದು ಕೌದಿ ಅಂತ ತಿಳ್ಕೋರಿ. ತುಂಡು ಹಚ್ಚೋ ಕ್ರಮದಾಗ ನಂಬರ್ ಹಾಕಿ ಕೊಡ್ರಿ. ಒಬ್ಬರದು ಒಬ್ಬರು ನೋಡಬ್ಯಾಡ್ರಿ."

ಅಂಬರೇಶ ನಕ್ಕ. "ಪರೀಕ್ಷಾ ಏನ್ರಿ ಯವ್ವಾ?" ಎಂದು ಪೆನ್ನು ತೆಗೆದುಕೊಂಡ.

ಹಾಳೆಗಳು ವಾಪಸು ಬಂದವು. ಉಮಾದೇವಿ ಅವನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಮೇಲೊಂದೊಂದು ಕಲ್ಲು ಹೇರಿದರು. ಅಕ್ಬರಿ ಬೇಗಂ ನೋಡಿದರು. ಶಾಕಿರ್‌ನ ಹಾಳೆಯಲ್ಲಿ ಒಂದು ಎಂಬ ಅಂಕಿ ಮೂಲೆಯಲ್ಲಿತ್ತು. ಅನ್ನಪೂರ್ಣ ಅವರದರಲ್ಲೂ ಮೂಲೆಯಲ್ಲೇ. ಮೂರನೆಯ ಹಾಳೆಯಲ್ಲಿ ಮೂಲೆಯಿಂದ ಮೂಲೆಗೆ ಎರಡು ತೆಳು ಗೆರೆ ಎಳೆದು, ಅವು ಕೂಡಿದ ನಡುವಿನ ಚೌಕದಲ್ಲಿ ದುಂಡಗೆ ಒಂದು ಎಂದು ಬರೆದಿತ್ತು.

"ಕೌದಿ ಹೊಲಿಯೋರು ಮೂಲಿಯಿಂದ ಹೊಂಟು ನಡುವಕ್ಕ ಬಂದು ಮುಗಸ್ತಾರ," ಎಂದರು ಉಮಾದೇವಿ. "ನೆಲಕ್ಕ ಟೈಲ್ಸ್ ಹಾಕೋರು ನಡುವಿಂದ ಹೊಂಟು ಗ್ವಾಡಿಗೆ ಹೋಗಿ ಮುಗಸ್ತಾರ. ಕತ್ತರಿಸಿದ ತುಂಡು ಅಂಚಿಗೆ ಬರಬೇಕಲ್ಲ, ಅದಕ್ಕ. ಹಳೇ ಹನ್ನೊಂದು ನಕ್ಷ್ಯಾಗೂ ಒಂದನೇ ತುಂಡು ಮೂಲ್ಯಾಗದ. ಹೊಸದರಾಗ ನಡುವ. ಶಾಕಿರ್ ತೆಗೆದಿದ್ರ ರೂಢಿಯಂತೆ ಮೂಲ್ಯಾಗ ಹಾಕ್ತಿದ್ದ. ಟೀಚರ್ ಬರೆದಿದ್ರ ನಕ್ಷಿಗೂ ಮಾತಿಗೂ ಹಿಂಗ ಜಗಳ ಬರ್ತಿರಲಿಲ್ಲ. ಅಂಬರೇಶ, ನೆಲದ ನಕ್ಷಿ ಬರಿಯೋದಕ್ಕ ನಿನ್ನ ಫೋನಿನ್ಯಾಗ ಏನೋ ಅದಲ್ಲ, ಅದರಾಗೇ ಬರೆದ್ಯೇನು?"

ಸೌಭಾಗ್ಯ ಮಾವನ ಮುಖವನ್ನೇ ನೋಡುತ್ತಿದ್ದಳು. ಇಲ್ಲ ಅನ್ನು ಎಂದು ಬೇಡುವಂತಿತ್ತು ಆ ನೋಟ.

ಅಂಬರೇಶ ತಲೆ ಕೆರೆದುಕೊಂಡ. "ಹೌದ್ರಿ. ಹಾಕಿದ್ದು ನಾನೇ. ಹುಡಿಗಿ ನೊಂದ್ಕೋತಾಳಂತ ಹೇಳಲಿಲ್ಲ. ಅಂಗಡಿಗೆ ಹೊಸಾದು ಬರದಿದ್ರ ಮಂದಿ ಮರೀತಾರ. ಹೈದರಾಬಾದಿನ್ಯಾಗ ಒಂದು ಪ್ರದರ್ಶನಕ್ಕ ಕರೆದಿದ್ರು, ಹೊಸಾ ನಕ್ಷಿ ಬೇಕಂದ್ರು. ಅಕ್ಕನ ಹೆಸರು ಉಳೀಲಿ ಅಂತ ಮಾಡಿದೆ. ಅದರಾಗೇನು ತಪ್ಪು?"

"ಚಿತ್ರ ಎಲ್ಲಿಂದ ಬಂತು?"

"ಅಕ್ಕ ಸಾಯೋ ವಾರದ ಹಿಂದ ನಾ ಬಂದಾಗ ತೋರಿಸಿದ್ಲು. ಆವಾಗ ತೆಗೆದೆ."

"ಪೂರಾ ಕೌದಿ ತೋರಿಸಿದ್ಲಾ?"

"ಪೂರಾ. ಮುಗಿದಿತ್ತು ಅದು ಆವಾಗ್ಲೇ."

"ವಾಹಿದಾ," ಎಂದರು ಉಮಾದೇವಿ, ತಿರುಗಿ ನೋಡದೆಯೇ.

ವಾಹಿದಾ ಮುಂದೆ ಬಂದಳು. ನೇರಳೆ ಬಟ್ಟೆ ತಂದವಳ ಹೆಸರು, ತಂದ ಹೊತ್ತು, ಅಳತೆ ಬರೆದುಕೊಂಡ ಪುಸ್ತಕದ ಪುಟ, ಹತ್ತೂವರೆಗೆ ಪಕೀರಕ್ಕ ಎದ್ದು ಹೋದದ್ದು, ಎಲ್ಲ ಹೇಳಿದಳು.

"ಆ ಬಟ್ಟಿ ಅಕ್ಟೋಬರ್ ಹತ್ತೊಂಬತ್ತರ ಮುಂಜಾನೆತನಕ ಈ ಓಣ್ಯಾಗೇ ಇರಲಿಲ್ಲ," ಎಂದರು ಉಮಾದೇವಿ. "ಪಕೀರಮ್ಮ ಕಟ್ಟಕಡೀಗಿ ಹಚ್ಚಿದ ತುಂಡು ಅದು. ಅದಕ್ಕೇ ನೀ ಒಂದನೇ ನಂಬರ್ ಕೊಟ್ಟಿ. ಒಂದು ಗಂಟೇಕ ಕೌದಿ ಸೌಭಾಗ್ಯನ ಕೈಯಾಗಿತ್ತು. ನಡುವಿನ ಎರಡೂವರಿ ತಾಸಿನ್ಯಾಗ ಈ ಮಾಳಿಗಿ ಹತ್ತಿದವರೇ ಆ ಚಿತ್ರ ತೆಗೀಬೇಕು."

ಅಂಬರೇಶ ತಲೆ ಎತ್ತಿ ಮಾಳಿಗೆಯ ಅಂಚು ನೋಡಿದ.

"ಇನ್ನ ಏಣಿ. ಈ ಮಾಳಿಗಿಗೆ ಬ್ಯಾರೆ ಮೆಟ್ಟಲಿಲ್ಲ. ಹತ್ತಿದಾಕಿ ಕಾಲು ಜಾರಿ ಬಿದ್ದಿದ್ರ ಏಣಿ ಗ್ವಾಡಿಗೆ ಒರಗಿ ನಿಂತೇ ಇರಬೇಕಿತ್ತು. ಇಲ್ಲಾ ಆಕಿ ಜೋಡಿ ಅಡ್ಡಾದಿಡ್ಡಿ ಬಿದ್ದಿರಬೇಕಿತ್ತು. ಸೌಭಾಗ್ಯ ಬಂದಾಗ ಅದು ಗ್ವಾಡಿಗುಂಟ ನೆಟ್ಟಗ ಮಲಗಿತ್ತು. ಬಿದ್ದು ಸತ್ತಾಕಿ ಎದ್ದು ಏಣಿ ಮಲಗಿಸ್ತಾಳೇನು? ಕೆಲಸ ಮುಗಿದ ಕೂಡ್ಲೇ ಏಣಿ ಇಳಿಸಿ ಮಲಗಿಸೋ ಕೈ ಯಾರದಂತ ನಾವಿಬ್ಬರೂ ರಾಯಚೂರಾಗ ಕಣ್ಣಾರೆ ನೋಡೀವಿ. ತಲಿ ಸುಳ್ಳು ಹೇಳ್ತದ ಅಂಬರೇಶ. ಕೈ ಹೇಳಂಗಿಲ್ಲ."

ಕಟ್ಟೆಯ ಮೇಲಿದ್ದ ಅಧಿಕಾರಿ ಮೊದಲ ಸಲ ಬಾಯಿಬಿಟ್ಟರು. "ಚಂದ್ರಬಂಡಕ್ಕೆ ನಿನ್ನೆ ಹೋಗಿದ್ದೆ. ಆ ದಿನ ನೀನು ಕೆಲಸಕ್ಕೆ ಬರಲೇ ಇಲ್ಲ ಅಂತ ಹನುಮಂತ್ರಾಯರು ಹೇಳಿದರು."

ಅಕ್ಬರಿ ಬೇಗಂ ಸೌಭಾಗ್ಯಳ ಕೈ ಹಿಡಿದುಕೊಂಡರು.

ಅಂಬರೇಶ ನೆಲದ ಮೇಲೆ ಕೂತು, ಕೆಳಗೆ ನೋಡುತ್ತಲೇ ಹೇಳಿದ. "ಹಿಂದಿನ ದಿನ ಫೋನ್ ಮಾಡಿ ಬೈದಿದ್ಲು. ನನ್ನ ಹೆಸರು ಎಲ್ಲಿ ಹೋತು ಅಂತ. ಸಮಾಧಾನ ಮಾಡಾಕ ಬಂದಿದ್ದೆ. ಆಕಿ ಮ್ಯಾಲೆ ಇದ್ಲು, ನಾನೂ ಹತ್ತಿದೆ. ಆ ಕೌದಿ ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ. ಅಂಥಾದ್ದು ನಾ ಕಂಡೇ ಇರಲಿಲ್ಲ. ಫೋಟೋ ತೆಗೆದೆ. ಬ್ಯಾಡ, ಇದು ನನ್ನ ಮಗಳಿಗೆ, ಅಳಿಸು ಅಂದ್ಲು. ಮೂರು ವರ್ಷ ಅಂಗಡ್ಯಾಗ ನನ್ನ ಹೆಸರದ ಅಂತ ನಂಬಿಸಿದಿ, ಹೈದರಾಬಾದಿಗೆ ನಾನೇ ಬರ್ತೀನಿ, ಹೊಲಿದಾಕಿ ನಾನು ಅಂತ ಹೇಳ್ತೀನಿ ಅಂದ್ಲು. ಫೋನಿಗೆ ಕೈ ಹಾಕಿದ್ಲು. ನಾ ಕೊಸರಿಕೊಂಡೆ. ಅಂಚಿನ್ಯಾಗಿದ್ಲು... ನೂಕಬೇಕಂತ ನೂಕಿಲ್ಲ, ದೇವರಾಣಿ."

"ಇಳಿದು ನೋಡಿದ್ಯಾ?" ಕೇಳಿದ್ದು ಅಕ್ಬರಿ ಬೇಗಂ. ತಮ್ಮ ದನಿ ತಮಗೇ ಹೊಸದಾಗಿ ಕೇಳಿಸಿತು. "ಉಸಿರಿತ್ತಾ?"

ಅವನು ಮುಖ ಆಚೆಗೆ ತಿರುಗಿಸಿದ.

"ಉಸಿರಿತ್ತೇನು? ಹೇಳು!"

"ಇತ್ತು," ಎಂದ. "ಕಣ್ಣು ತೆಗೆದು ನೋಡಿದ್ಲು. ಅಂಬ್ರಾ, ನೀರು ಅಂದ್ಲು. ನನಗ ಕೈಕಾಲು ಆಡಲಿಲ್ಲ. ಏನು ಮಾಡಾಕತ್ತೀನಂತ ತಿಳೀಲಿಲ್ಲ. ಏಣಿ ತೆಗೆದು ಇಟ್ಟೆ... ಹೊಂಟುಬಿಟ್ಟೆ."

ವಾಹಿದಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗೋಡೆಯ ಆಚೆಗೇ ತಾನು ಯಂತ್ರ ತುಳಿಯುತ್ತ ಕೂತಿದ್ದೆ ಎಂಬುದು ಅವಳಿಗೆ ಆಗ ಹೊಳೆದಿರಬೇಕು. ಶಾಕಿರ್ ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತ. ಅನ್ನಪೂರ್ಣ ಅಳುತ್ತಿದ್ದರು. ಉಮಾದೇವಿ ಕೂಡ, ಗಡಿಜಗಳದಲ್ಲಿ ಕೊಡಲಿ ಬೀಸಿದವರ ಎದುರಿಗೂ ಕದಲದವರು, ಹಾಳೆಗಳ ಮೇಲಿನ ಕಲ್ಲು ತೆಗೆಯಲು ಹೋಗಿ, ಅಲ್ಲೇ ಬಿಟ್ಟು ಕೂತರು. ಚಿತ್ರ ತೆಗೆದವನು ಇವನೆಂದು ಗೊತ್ತಿತ್ತು, ಏಣಿ ಮಲಗಿಸಿದವನೂ ಇವನೆಂದು ಗೊತ್ತಿತ್ತು. ನೀರಿನ ಮಾತು ಯಾರಿಗೂ ಗೊತ್ತಿರಲಿಲ್ಲ.

ಅಧಿಕಾರಿ ಅಂಬರೇಶನನ್ನು ಎಬ್ಬಿಸಿಕೊಂಡು ಹೊರಟರು. ಸೌಭಾಗ್ಯಳ ಮುಂದೆ ಹಾಯುವಾಗ ಅವನು ಏನೋ ಹೇಳಲು ನಿಂತ. ಅವಳು ಅವನನ್ನು ನೋಡಲಿಲ್ಲ. ಜೀಪಿನ ಸದ್ದು ಓಣಿ ದಾಟಿತು. ಅನ್ನಪೂರ್ಣ ಕಣ್ಣೊರೆಸಿಕೊಂಡು ಮೊಬೈಲ್ ತೆಗೆದು, "ಆ ನಕ್ಷಿ ಈಗಲೇ ತೆಗೆದುಬಿಡ್ತೀನವ್ವ," ಎಂದರು. ಸೌಭಾಗ್ಯ ತಲೆ ಆಡಿಸಿದಳು. ಅದು ಅವಳಿಗೆ ಕೇಳಿಸಿತೋ ಇಲ್ಲವೋ.

ಒಬ್ಬೊಬ್ಬರಾಗಿ ಎಲ್ಲರೂ ಹೊರಗೆ ಹೋದ ಮೇಲೆ ಅವಳು ಅಕ್ಬರಿ ಬೇಗಂ ಕಡೆ ತಿರುಗಿದಳು.

"ನೀವು ನರ್ಸ್ ಇದ್ರೆಲ್ಲ. ದವಾಖಾನಿ ಇಲ್ಲಿಂದ ಹತ್ತು ನಿಮಿಷದ ದಾರಿ. ಅವಾಗ ಒಯ್ದಿದ್ರ ಅವ್ವ ಉಳೀತಿದ್ಲೇನ್ರಿ?"

ಈ ಪ್ರಶ್ನೆಯನ್ನು ಅಕ್ಬರಿ ಬೇಗಂ ಮೂವತ್ತೊಂದು ವರ್ಷದಲ್ಲಿ ನೂರಾರು ಬಾಯಿಂದ ಕೇಳಿದ್ದರು. ಇಲ್ಲವ್ವ, ಆಯುಷ್ಯ ಅಷ್ಟೇ ಇತ್ತು, ಮೇಲಿನವನ ಇಚ್ಛೆ ಎಂದು ಪ್ರತಿ ಸಲವೂ ಒಂದೇ ಉತ್ತರ ಹೇಳಿ ಬೆನ್ನು ಸವರಿ ಕಳಿಸಿದ್ದರು. ಇವತ್ತೂ ಅದೇ ಮಾತು ನಾಲಗೆಯ ತುದಿಗೆ ಬಂತು. ಆದರೆ ಈ ಹುಡುಗಿ ನಾಲ್ಕು ತಿಂಗಳು ಮನೆಯವರ ಸುಳ್ಳನ್ನೇ ಉಂಡಿದ್ದಳು.

"ಕಣ್ಣು ತೆಗೆದು ನೋಡಿದ್ಲು, ಹೆಸರು ಹಿಡದು ಕರೆದ್ಲು," ಎಂದರು ಅಕ್ಬರಿ ಬೇಗಂ. "ಉಳೀತಿದ್ಲು ಬೇಟಿ. ಬಹಳ ಮಾಡಿ ಉಳೀತಿದ್ಲು."

ಸೌಭಾಗ್ಯ ಅವರ ಹೆಗಲಿಗೆ ಮುಖ ಒತ್ತಿ, ಇಡೀ ಓಣಿಗೆ ಕೇಳಿಸುವಂತೆ, "ಯವ್ವಾ" ಎಂದು ಒದರಿದಳು.